ಹಗಲು ಮಲಗುವವರ ಮನೆ

ಫೆಬ್ರವರಿ ೯

ಪ್ರೀತಿಯ ಅಕ್ಕನಿಗೆ,

ನಿನ್ನೆ ನೀನು ಫೋನ್ ಮಾಡಿದ್ದು ನೋಡಿದೆ. ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇವರು ಬೇಕರಿಯಿಂದ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದರು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬಾಗಿಲಿನ ಬದಲು ಪರದೆ. ಪಿಸುಗುಟ್ಟಿದರೂ ಇವರಿಗೆ ಎಚ್ಚರವಾಗುತ್ತದೆ. ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತ ಮನುಷ್ಯ ಹಗಲಾದರೂ ನಿದ್ದೆ ಮಾಡದಿದ್ದರೆ ಹೇಗೆ ಹೇಳು. ಸಂಜೆ ಇವರು ಏಳುವ ಹೊತ್ತಿಗೆ ನೀನು ಮನೆಪಾಠದಲ್ಲಿರುತ್ತೀಯ. ಮೊಬೈಲಿನಲ್ಲಿ ಎರಡು ಸಾಲು ಒತ್ತಿ ಕಳಿಸಿದರೆ "ಏನೇ ಇದು, ಟೆಲಿಗ್ರಾಂ ಕೊಡ್ತೀಯಾ" ಅನ್ನುತ್ತೀಯ. ಹಾಗಾಗಿ ಕಾಗದವೇ ಗತಿ. ಪೆನ್ನಿಗೆ ಸದ್ದಿಲ್ಲ.

ನೀನು ಈ ಮನೆ ನೋಡಿಲ್ಲ. ಕುರ್ಚಿಯ ಕಾಲುಗಳಿಗೆಲ್ಲ ಇವರ ಹಳೆಯ ಕಾಲುಚೀಲ ತೊಡಿಸಿದ್ದೇನೆ. ಕರೆಗಂಟೆಯ ತಂತಿ ಕಿತ್ತಿದ್ದೇವೆ. ಸ್ಟೀಲಿನ ಚಮಚಗಳನ್ನು ಎತ್ತಿಟ್ಟು ಮರದ್ದು ಇಟ್ಟುಕೊಂಡಿದ್ದೇನೆ. ಬಟ್ಟೆ ಹೊಲಿಯುವ ಕೆಳಮನೆಯಾಕೆ ಮೊನ್ನೆ ಮೆಟ್ಟಿಲ ಬಳಿ ತಡೆದು ಕೇಳಿದಳು: "ಅಲ್ಲಮ್ಮಾ, ನಿಮ್ಮನೇಲಿರೋದು ಮಗುವೋ ಗೊಂಬೆಯೋ? ಒಂದು ದಿನಾನೂ ಅತ್ತಿದ್ದು ಕೇಳಿಲ್ಲ."

ನಮ್ಮ ಬೆಣ್ಣೆಗೆ ಒಂದೂವರೆ ವರ್ಷ ತುಂಬಿತು. ಅಳುತ್ತಾಳೆ, ಆದರೆ ಹಟದ ಅಳುವಲ್ಲ. ಈ ಮನೆಯ ರೀತಿಯನ್ನು ಅವಳು ಹೇಗೆ ಕಲಿತಿದ್ದಾಳೆಂದು ನೋಡಿದರೆ ನಿನಗೆ ಆಶ್ಚರ್ಯವಾದೀತು. ಹೊಟ್ಟೆ ಮುಟ್ಟಿ ತೋರಿಸಿದರೆ ಊಟ. ಅಂಗೈ ಎತ್ತಿದರೆ ಬೇಡ. ಹಲಗೆಯ ನೆಲದ ಮೇಲೆ ನಾನು ಹಿಮ್ಮಡಿ ಮೆಲ್ಲಗೆ ಒತ್ತಿದರೆ ಸಾಕು, ಎಲ್ಲಿದ್ದರೂ ತಿರುಗಿ ನೋಡುತ್ತಾಳೆ. ಅಪ್ಪ ಮಲಗಿದ್ದಾಗ ಪಕ್ಕದಲ್ಲೇ ಕುಳಿತು ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಡಬ್ಬಿಗೆ ತುಂಬುತ್ತಾಳೆ, ಸುರಿಯುತ್ತಾಳೆ, ಮತ್ತೆ ತುಂಬುತ್ತಾಳೆ. ಇವರಂತೂ, "ನಮ್ಮ ಮನೆಗೆ ಅಂತಲೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ ಈ ಮಗು" ಅನ್ನುತ್ತಾರೆ. ಇವರು ಹೊಗಳುವುದೇ ಅಪರೂಪ. ಅದಕ್ಕೇ ನಿನಗೆ ಬರೆದೆ.

ನಿನ್ನ ತಂಗಿ


ಫೆಬ್ರವರಿ ೨೧

ತಂಗೀ,

ನಿನ್ನ ಕಾಗದ ಓದಿ ಗಂಟಲು ಕಟ್ಟಿತು. ಭಾವುಕಳಾಗಿ ಅಲ್ಲ, ಮೊದಲೇ ಕಟ್ಟಿತ್ತು. ನಾಲ್ಕನೇ ತರಗತಿಯ ಮಕ್ಕಳಿಗೆ ಪದ್ಯ ಹೇಳಿಕೊಡುವುದೆಂದರೆ ಸಂತೆಯಲ್ಲಿ ನಿಂತು ಗುಟ್ಟು ಹೇಳಿದ ಹಾಗೆ. ವೈದ್ಯರು ಎರಡು ದಿನ ಬಾಯಿ ಮುಚ್ಚಿಕೊಂಡಿರಿ ಅಂದರು. ನಮ್ಮ ಹೆಡ್‌ಮಾಸ್ಟರು, "ವೈದ್ಯರಿಗೆ ನಿಮ್ಮ ಪರಿಚಯ ಇಲ್ಲ ಪಾಪ" ಅಂದರು.

ಕಾಲುಚೀಲ ತೊಟ್ಟ ಕುರ್ಚಿಗಳನ್ನು ನೆನೆದು ನಗುತ್ತಿದ್ದೇನೆ. ನೆನಪಿದೆಯೇನೇ, ಅಮ್ಮ ನಮ್ಮಿಬ್ಬರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಮಾತು ಮುಗಿಯುವುದಿಲ್ಲವೆಂದು ನಡುವೆ ತಾನೇ ಬಂದು ಮಲಗುತ್ತಿದ್ದಳು. ನಾವು ಅವಳ ಮೈಮೇಲಿಂದಲೇ ಮಾತಾಡುತ್ತಿದ್ದೆವು. ಅಂಥವಳು ನೀನು ಮೂಕಿಯಾಗಿ ಸಂಸಾರ ಮಾಡುತ್ತಿದ್ದೀಯ. ನಿನ್ನ ಬ್ರೆಡ್ಡಿನ ಯಜಮಾನರಿಗೆ ದೊಡ್ಡ ನಮಸ್ಕಾರ.

ಒಂದು ಕೇಳಲೇ? ನಾಲ್ಕು ಪುಟ ಬರೆದಿದ್ದೀಯ. ಬೆಣ್ಣೆ ತುಂಬಿದಳು, ಸುರಿದಳು, ತಿರುಗಿದಳು, ಎಲ್ಲ ಇದೆ. ಅವಳು ಏನಂದಳು ಅನ್ನುವುದು ಒಂದು ಸಾಲೂ ಇಲ್ಲ. "ಅಮ್ಮ" ಅನ್ನುತ್ತಾಳಾ? "ದೊಡ್ಡಮ್ಮ" ಕಷ್ಟ, ಅದು ಆಮೇಲಾಗಲಿ. ಈ ಸಲ ಬರೆಯುವಾಗ ಅವಳ ಮಾತುಗಳನ್ನೇ ಬರೆ.

ನಿನ್ನ ಅಕ್ಕ


ಮಾರ್ಚ್ ೧೮

ಪ್ರೀತಿಯ ಅಕ್ಕನಿಗೆ,

ತಡವಾಯಿತು. ಬೆಣ್ಣೆಗೆ ಚುಚ್ಚುಮದ್ದು ಹಾಕಿಸಿದ್ದೆ, ಎರಡು ದಿನ ಜ್ವರ. ಆಸ್ಪತ್ರೆಯ ನರ್ಸ್ ತೂಕ ನೋಡಿ ಚೆನ್ನಾಗಿದೆ ಅಂದರು. ಹಲ್ಲು, ನಡಿಗೆ ಎಲ್ಲ ಸರಿಯಾಗಿದೆಯಂತೆ.

ಮಾತು ಇನ್ನೂ ಬಂದಿಲ್ಲ. ಅದಕ್ಕೇನು? ಇವರಿಗೂ ಮೂರು ತುಂಬಿದ ಮೇಲೇ ಬಂದಿದ್ದಂತೆ. ಅತ್ತೆ ಹೇಳುತ್ತಿದ್ದರು, "ನಮ್ಮ ವಂಶದಲ್ಲಿ ನಾಲಿಗೆಗೆ ಸೋಮಾರಿತನ, ಕೈಗಿಲ್ಲ." ಎಂಟು ತಿಂಗಳಿನವಳಿದ್ದಾಗ ಬ ಬ ಬ ಎಂದು ಏನೇನೋ ಅನ್ನುತ್ತಿದ್ದಳು, ಆಮೇಲೆ ನಿಂತಿತು. ನಮ್ಮನ್ನು ನೋಡಿ ಸುಮ್ಮನಿರುವುದು ಕಲಿತಳು ಎಂದುಕೊಂಡೆ. ಬೇಕಾದದ್ದನ್ನು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ಅಷ್ಟು ಬುದ್ಧಿ ಇರುವವಳಿಗೆ ಮಾತು ಬಾರದೇ ಇರುತ್ತದೆಯೇ.

ಇನ್ನೊಂದು ಹೇಳುತ್ತೇನೆ. ಸಂಜೆ ಇವರು ಎದ್ದ ಮೇಲೆ ನಾವಿಬ್ಬರೂ ಮಾತಾಡುತ್ತೇವಲ್ಲ, ಆಗ ಅವಳು ನನ್ನ ತೊಡೆಯೇರಿ ಅಂಗೈಯನ್ನು ನನ್ನ ಗಂಟಲಿಗೆ ಒತ್ತಿ ಹಿಡಿಯುತ್ತಾಳೆ. ನಾನು ನಿಲ್ಲಿಸಿದರೆ ಇನ್ನೂ ಬೇಕೆನ್ನುವ ಹಾಗೆ ಗಂಟಲು ತಟ್ಟುತ್ತಾಳೆ. ನನ್ನ ಮಾತೆಂದರೆ ಅಷ್ಟು ಪ್ರೀತಿ.

ನಿನ್ನ ತಂಗಿ


ಏಪ್ರಿಲ್ ೨

ತಂಗೀ,

ಇದನ್ನು ಓದಿ ಸಿಟ್ಟು ಮಾಡಿಕೊಳ್ಳುತ್ತೀಯ. ಮಾಡಿಕೋ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಆದರೆ ಆಡದೆಯೂ ಹೋಗುವುದಿದೆ.

ಮಗು ಸುಮ್ಮನಿರುವುದು ಕಲಿತಳು ಎಂದು ನೀನೇ ಬರೆದಿದ್ದೀಯ. ಅದನ್ನು ನೀನೊಮ್ಮೆ ಓದಿನೋಡು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಭಾಷೆ ಕಲಿಸುತ್ತಿದ್ದೇನೆ. ಮನೆಯಲ್ಲಿ ಮಾತಿದ್ದ ಮಗು ಯಾವುದು, ಇಲ್ಲದ್ದು ಯಾವುದು ಎಂದು ಮೊದಲ ದಿನವೇ ಹೇಳಬಲ್ಲೆ. ಬಿತ್ತದೆ ಬೆಳೆ ಎಲ್ಲಿಂದ ಬರಬೇಕು? ಹಗಲೆಲ್ಲ ಕೈಸನ್ನೆ, ಪರದೆ, ಕಾಲುಚೀಲ. ಒಬ್ಬ ಗಂಡಸಿನ ನಿದ್ದೆಗಾಗಿ ಒಂದು ಮಗುವಿನ ಬಾಯಿಗೆ ಬೀಗ ಹಾಕಿದ್ದೀರಿ. ಅವನು ಕೆಟ್ಟವನಲ್ಲ, ಗೊತ್ತು. ಆದರೆ ಅವನ ನಿದ್ದೆಗೆ ಬೇರೆ ಜಾಗ ಸಿಕ್ಕೀತು, ಅವಳಿಗೆ ಈ ವಯಸ್ಸು ಇನ್ನೊಮ್ಮೆ ಸಿಗುವುದಿಲ್ಲ.

ನಮ್ಮ ಶಾಲೆಯ ಶಿಶುವಿಹಾರದ ಟೀಚರ್ ಹತ್ತಿರ ಸುಮ್ಮನೆ ಮಾತಿಗೆ ಹೇಳಿದೆ. ಮೊದಲು ಕರೆದುಕೊಂಡು ಹೋಗಿ ತೋರಿಸಲಿ, ಪರೀಕ್ಷೆ ಮಾಡಿಸಲಿ ಅಂದಳು. ಹೊಸದಾಗಿ ಓದಿ ಬಂದ ಹುಡುಗಿ, ಅವಳಿಗೆ ಎಲ್ಲದಕ್ಕೂ ಪರೀಕ್ಷೆಯೇ. ನೀನು ಹೆದರಬೇಡ. ಮಗುವಿಗೆ ಏನೂ ಆಗಿಲ್ಲ, ಮನೆಗೆ ಆಗಿದೆ. ಮಾತಾಡು. ಮುಖ ತೊಳೆಸುವಾಗ, ಉಣಿಸುವಾಗ, ಬಟ್ಟೆ ಮಡಚುವಾಗ ಬಾಯಿ ಬಿಟ್ಟು ಮಾತಾಡು. ಕತೆಯ ಪುಸ್ತಕಗಳನ್ನು ಕಳಿಸುತ್ತಿದ್ದೇನೆ, ಗಟ್ಟಿಯಾಗಿ ಓದು.

ನಿನ್ನ ಅಕ್ಕ


ಮೇ ೨೯

ಅಕ್ಕ,

ನಿನ್ನ ಕಾಗದವನ್ನು ಓದಿ ಅಕ್ಕಿಡಬ್ಬಿಯ ಹಿಂದೆ ತುರುಕಿದ್ದೆ. ನಿನಗೆ ಬರೆಯುವುದೇ ಬೇಡ ಎಂದುಕೊಂಡಿದ್ದೆ. ಎರಡು ದಿನದ ಶಾಲೆಯ ರಜೆಗೂ ನಮ್ಮ ಮನೆಗೆ ಬಾರದವಳು ನನ್ನ ಮನೆಗೆ ರೋಗ ಹೇಳುತ್ತಾಳೆ ಎಂದು ಒಳಗೊಳಗೇ ಬೈದೆ. ಒಂದು ಬೆಳಿಗ್ಗೆ ಇವರು ಅಕ್ಕಿ ತೆಗೆಯಲು ಹೋಗಿ ಕಾಗದ ಸಿಕ್ಕಿ ಓದಿಬಿಟ್ಟರು. ಮೈಮೇಲೆ ಮೈದಾಹಿಟ್ಟು ಹಾಗೇ ಇತ್ತು. ನಿಂತೇ ಓದಿದರು. ಜಗಳವಾಗುತ್ತದೆ ಎಂದುಕೊಂಡೆ. ಇವರು ಕಾಗದ ಮಡಚಿ ನನ್ನ ಕೈಗೆ ಕೊಟ್ಟು, ಕುರ್ಚಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಕಾಲುಚೀಲ ಬಿಚ್ಚತೊಡಗಿದರು. "ನಿಮ್ಮಕ್ಕ ಹೇಳಿದ್ದು ಸರಿ ಇರಬಹುದು" ಅಂದರು. ಅಷ್ಟೇ.

ಆವತ್ತಿನಿಂದ ಇವರು ಬೇಕರಿಯ ಉಗ್ರಾಣದಲ್ಲೇ ಹಿಟ್ಟಿನ ಮೂಟೆಗಳ ಮೇಲೆ ಮಲಗುತ್ತಾರೆ. ಹಗಲು ಮೂಟೆ ಇಳಿಸುವವರ ಗಲಾಟೆ. "ಬ್ರೆಡ್ಡಿನ ಹಾಸಿಗೆ, ರಾಜನಿಗೂ ಇಲ್ಲ" ಎಂದು ನಗುತ್ತಾರೆ. ಸಂಜೆ ಮನೆಗೆ ಬಂದು ಕೂತಲ್ಲೇ ತೂಕಡಿಸುತ್ತಾ ಮಗುವಿಗೆ ಕತೆ ಹೇಳುತ್ತಾರೆ.

ನಾನು ಬೆಳಗಿನಿಂದ ಮಾತಾಡುತ್ತೇನೆ ಅಕ್ಕ. ಮೊದಮೊದಲು ನನ್ನ ದನಿಗೆ ನಾನೇ ಬೆಚ್ಚುತ್ತಿದ್ದೆ. ಇದು ನೀರು, ಇದು ಬಿಸಿ, ಇದು ನಿನ್ನ ಅಂಗಿ, ಇದು ತೋಳು, ತೋಳಲ್ಲಿ ಕೈ ಹೋಯಿತು, ಬಂತು. ಹಾಡುತ್ತೇನೆ, ರೇಡಿಯೊ ಹಾಕುತ್ತೇನೆ. ಬೆಣ್ಣೆ ರೇಡಿಯೊಗೆ ಕೆನ್ನೆ ಒತ್ತಿಕೊಂಡು ನಗುತ್ತಾಳೆ. ನನ್ನ ಗಂಟಲ ಮೇಲಿನ ಕೈ ತೆಗೆಯುವುದೇ ಇಲ್ಲ. ಈಗ ಕೆಳಮನೆಯಾಕೆ, "ಗೊಂಬೆಗಲ್ಲ, ಗೊಂಬೆಯ ಅಮ್ಮನಿಗೇ ಕೀಲಿ ಕೊಟ್ಟ ಹಾಗಿದೆ" ಅನ್ನುತ್ತಾಳೆ.

ನಿನ್ನ ಮೇಲೆ ಈಗ ಸಿಟ್ಟಿಲ್ಲ. ಮನೆ ಮನೆಯ ಹಾಗೆ ಕೇಳಿಸುತ್ತಿದೆ.

ನಿನ್ನ ತಂಗಿ


ಜೂನ್ ೧೪

ನನ್ನ ಬಂಗಾರದ ತಂಗಿಗೆ,

ನಿನ್ನ ಕಾಗದವನ್ನು ಸ್ಟಾಫ್‌ರೂಮಿನಲ್ಲಿ ಓದಿ ಕಣ್ಣೊರೆಸಿಕೊಂಡೆ. ನಿನ್ನ ಗಂಡ ಕುಳಿತು ಕಾಲುಚೀಲ ಬಿಚ್ಚಿದ್ದನ್ನು ಕಣ್ಣಾರೆ ಕಂಡ ಹಾಗಾಯಿತು. ಬ್ರೆಡ್ಡಿನ ಯಜಮಾನರು ಎಂದು ಹಂಗಿಸಿದ್ದಕ್ಕೆ ನನ್ನ ಪರವಾಗಿ ಅವರಿಗೊಂದು ಕಪ್ ಕಾಫಿ ಹೆಚ್ಚಿಗೆ ಕೊಡು.

ಈಗ ಬಿಡಬೇಡ. ರೇಡಿಯೊಗಿಂತ ನಿನ್ನ ದನಿ ಮುಖ್ಯ. ಒಂದೇ ಮಾತನ್ನು ನೂರು ಸಲ ಹೇಳು. ಮಕ್ಕಳು ಮಾತು ತಿರುಗಿ ಕೊಡದ ಹಾಗೆ ಕಾಣುತ್ತಾರೆ, ಒಳಗೆ ಕೂಡಿಡುತ್ತಾರೆ. ಒಂದು ದಿನ ಗಂಟು ಬಿಚ್ಚಿದರೆ ನೀನೇ, "ಅಯ್ಯೋ ಸ್ವಲ್ಪ ಸುಮ್ನಿರೇ ತಾಯಿ" ಎಂದು ಕೈಮುಗಿಯುತ್ತೀಯ. ಗೌರಿ ಹಬ್ಬದ ರಜೆಗೆ ಬರುತ್ತೇನೆ. ಆ ಹೊತ್ತಿಗೆ ನನ್ನನ್ನು ಅವಳು ಬಾಗಿಲಲ್ಲೇ ಕೂಗಬೇಕು.

ನಿನ್ನ ಅಕ್ಕ


ಜುಲೈ ೨೦

ಅಕ್ಕ,

ಅಂದಳು. ಇವತ್ತು ಅಂದಳು. ಒಂದು ಕೈ ನನ್ನ ಗಂಟಲ ಮೇಲೆ, ಇನ್ನೊಂದು ಅವಳ ಗಂಟಲ ಮೇಲೆ. ನಾನು ಅಮ್ಮ ಅಂದೆ. ಅವಳು ಬಾಯಿ ತೆರೆದು ಆ ಎಂದಳು. ಮ ಬರಲಿಲ್ಲ. ದನಿ ಒಂಥರಾ ದಪ್ಪಗಿತ್ತು, ಮಕ್ಕಳ ದನಿಯ ಹಾಗಿರಲಿಲ್ಲ. ಇಷ್ಟು ದಿನ ಮುಚ್ಚಿದ್ದ ಬಾಗಿಲು, ಮೊದಲು ಕಿರುಗುಟ್ಟೀತು. ಅಲ್ಲವೇ?

ಇವತ್ತು ಖುಷಿಯಲ್ಲಿದ್ದೇನೆ, ಅದಕ್ಕೆ ಹೇಳಿಬಿಡುತ್ತೇನೆ. ಮಾರ್ಚಿನಲ್ಲಿ ಆ ನರ್ಸ್ ಎಷ್ಟು ಪದ ಹೇಳುತ್ತಾಳೆ ಎಂದು ಕೇಳಿದ್ದರು. ಒಂದೂ ಇಲ್ಲ ಅಂದಾಗ ಬರೆಯುತ್ತಿದ್ದ ಕೈ ನಿಂತಿತು. ಒಂದು ತಿಂಗಳು ಬಿಟ್ಟು ಬನ್ನಿ, ಡಾಕ್ಟರಿಗೆ ತೋರಿಸೋಣ ಅಂದಿದ್ದರು. ನಿನಗೆ ಬರೆಯಲಿಲ್ಲ. ಹೋಗಬೇಕು ಎಂದುಕೊಳ್ಳುತ್ತಿರುವಾಗಲೇ ನಿನ್ನ ಕಾಗದ ಬಂತು, ಕಾರಣ ಸಿಕ್ಕಿತಲ್ಲ ಎಂದು ಸುಮ್ಮನಾದೆ. ಮದ್ದು ಮನೆಯಲ್ಲೇ ಇರುವಾಗ ಆಸ್ಪತ್ರೆ ಯಾಕೆ.

ಇವರಿಗೆ ಕೈ ಸುಟ್ಟಿದೆ. ಟ್ರೇ ಹಿಡಿದುಕೊಂಡೇ ಕಣ್ಣು ಮುಚ್ಚಿಹೋಯಿತಂತೆ, ತೋಳು ಭಟ್ಟಿಯ ಬಾಯಿಗೆ ತಗುಲಿತು. ಸಣ್ಣದು ಅನ್ನುತ್ತಾರೆ. ಕೆಲವು ವಾರ ಮನೆಯಲ್ಲಿರುತ್ತಾರೆ. ಚಿಂತೆ ಮಾಡಬೇಡ.

ತಂಗಿ


ಆಗಸ್ಟ್ ೩

ತಂಗೀ,

ನಿನ್ನ ಕಾಗದವನ್ನು ಆ ಶಿಶುವಿಹಾರದ ಟೀಚರಿಗೆ ತೋರಿಸಿದೆ. ನೋಡಿದೆಯಾ, ನಿನ್ನ ಪರೀಕ್ಷೆಯಿಲ್ಲದೆಯೇ ಮಾತು ಬಂತು ಎಂದು ಹೇಳಲು ಹೋಗಿದ್ದೆ. ಅವಳು ಪೂರ್ತಿ ಓದಿ ಕೇಳಿದ್ದು ಒಂದೇ. "ಹಿಂದಿನಿಂದ ಕರೆದರೆ ತಿರುಗ್ತಾಳಾ ಮೇಡಂ?"

ಮನೆಗೆ ಹೋಗಿ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಹಿಮ್ಮಡಿಗೆ ತಿರುಗುತ್ತಾಳೆ ಎಂದಿದೆ. ಕೈಗೆ, ಗಂಟಲಿಗೆ, ರೇಡಿಯೊಗೆ ಎಂದಿದೆ. ಕರೆದಾಗ ತಿರುಗಿದಳು ಎಂದು ಎಲ್ಲೂ ಇಲ್ಲ. ನೀನು ಬರೆಯಲು ಮರೆತಿರಬೇಕು.

ಒಂದು ಕೆಲಸ ಮಾಡು. ಅವಳು ಆಡುತ್ತಿರುವಾಗ ಹಾಸಿಗೆಯ ಮೇಲೆ ನಿಂತುಕೋ, ನೆಲ ಅಲುಗಬಾರದು. ನಿನ್ನ ನೆರಳೂ ಅವಳ ಮುಂದೆ ಬೀಳಬಾರದು. ಕರೆ. ತಿರುಗುತ್ತಾಳೆ. ತಿರುಗಿದಳು ಎಂದು ಒಂದು ಸಾಲು ಬರೆ, ಟೆಲಿಗ್ರಾಂ ಆದರೂ ಸರಿ.

ಅಕ್ಕ


ಸೆಪ್ಟೆಂಬರ್ ೧೬

ತಂಗೀ,

ಆರು ವಾರವಾಯಿತು. ಫೋನ್ ಎತ್ತುತ್ತಿಲ್ಲ. ಮೊದಲು ಅವರ ನಿದ್ದೆಗೆ ಎತ್ತುತ್ತಿರಲಿಲ್ಲ, ಈಗ ಯಾಕೆಂದು ನಾನು ಕೇಳುವುದಿಲ್ಲ.

ಇವತ್ತು ತರಗತಿಯಲ್ಲಿ ಗಾದೆಗಳ ಪಾಠವಿತ್ತು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬುದು ಬಂತು. ವಿವರಿಸದೆ ಮುಂದಿನದಕ್ಕೆ ಹೋದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಜೆಗೆ ಬರುತ್ತೇನೆ ಎಂದಿದ್ದೆ. ಟಿಕೆಟ್ ತೆಗೆದಿದ್ದೆ, ಹೊರಡಲಾಗಲಿಲ್ಲ. ನೀನು ಬಾ ಎಂದರೆ ನಾಳೆಯೇ ಹೊರಡುತ್ತೇನೆ. ಬಯ್ಯುವುದಕ್ಕಾದರೂ ಬರೆ.

ನಿನ್ನ ಅಕ್ಕ


ಅಕ್ಟೋಬರ್ ೭

ಅಕ್ಕ,

ನಿನ್ನ ಆಗಸ್ಟಿನ ಕಾಗದ ಬಂದ ದಿನವೇ ಮಾಡಿದೆ. ಬೆಣ್ಣೆ ಕಿಟಕಿಯ ಕಡೆ ಮುಖ ಮಾಡಿ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ಇವರು ಕೈಗೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಮಲಗಿದ್ದರು. ನಾನು ಹಾಸಿಗೆಯ ಮೇಲೆ ನಿಂತು ಮೆಲ್ಲಗೆ ಕರೆದೆ. ಆಮೇಲೆ ಗಟ್ಟಿಯಾಗಿ. ಆಮೇಲೆ ಎಷ್ಟು ಗಟ್ಟಿಯಾಗಿ ಕೂಗಿದೆನೋ ನನಗೆ ತಿಳಿಯಲಿಲ್ಲ. ಇವರು ಗಾಬರಿಯಿಂದ ಎದ್ದು ಬಂದರು. ಕೆಳಮನೆಯಾಕೆ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಮೆಟ್ಟಿಲೇರಿ ಓಡಿಬಂದಳು. ಕಿಟಕಿಯ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು. ತಿರುಗದೇ ಇದ್ದವಳು ಅವಳೊಬ್ಬಳೇ. ಡಬ್ಬಿ ತುಂಬಿತ್ತು, ಸುರಿದಳು.

ಅದೇ ವಾರ ಆಸ್ಪತ್ರೆಗೆ ಹೋದೆವು. ಮಗುವಿಗೆ ನಿದ್ದೆ ಬರಿಸಿ ತಲೆಗೆ ತಂತಿ ಅಂಟಿಸಿ ನೋಡಿದರು. ಎರಡೂ ಕಿವಿ ಕೇಳುವುದು ಬಹಳ ಕಮ್ಮಿಯಂತೆ, ಬಹುಶಃ ಹುಟ್ಟಿನಿಂದಲೇ. ಬ ಬ ಬ ಅನ್ನುವುದನ್ನು ಎಲ್ಲ ಮಕ್ಕಳೂ ಮಾಡುತ್ತಾರಂತೆ, ಕೇಳದ ಮಕ್ಕಳು ಅಲ್ಲಿಗೇ ಬಿಡುತ್ತಾರಂತೆ. ನಾವು ಅದನ್ನು ಶಿಸ್ತು ಎಂದುಕೊಂಡೆವು. ಗಂಟಲ ಮೇಲೆ ಕೈ ಇಡುತ್ತಿದ್ದದ್ದು ಒಳಗಿನ ನಡುಕ ಗೊತ್ತಾಗುತ್ತದೆಂದು. ನನ್ನ ಗಂಟಲಾದರೂ ಒಂದೇ, ರೇಡಿಯೊ ಆದರೂ ಒಂದೇ.

ಡಾಕ್ಟರ್ ನಿನ್ನ ವಯಸ್ಸಿನ ಹೆಂಗಸು. ನಾನು ಕೇಳಿದೆ: "ನಮ್ಮನೇಲಿ ಯಾರೂ ಮಾತಾಡ್ತಾ ಇರಲಿಲ್ಲ ಮೇಡಂ. ಅದಕ್ಕೇ ಹೀಗಾಯ್ತಾ?" ಅವರು ನನ್ನ ಕೈ ಹಿಡಿದು, "ಇಲ್ಲಮ್ಮ. ನೀವು ದಿನಾ ತಮಟೆ ಬಡಿದಿದ್ದರೂ ಕಿವಿ ಹೀಗೇ ಇರ್ತಿತ್ತು. ನಿಮಗೆ ಬೇಗ ಗೊತ್ತಾಗ್ತಿತ್ತು, ಅಷ್ಟೇ. ನಿಮ್ಮ ತಪ್ಪಲ್ಲ" ಅಂದರು. ಇದನ್ನು ಕೇಳಿ ಸಮಾಧಾನ ಮಾಡಿಕೊಳ್ಳುವವರು ಇರಬಹುದು. ನನಗೆ ಆ ತಪ್ಪು ಬೇಕಾಗಿತ್ತು ಅಕ್ಕ. ನಮ್ಮ ಮೌನ ಮಾಡಿದ್ದಾಗಿದ್ದರೆ ನಮ್ಮ ಮಾತು ಅದನ್ನು ಅಳಿಸುತ್ತಿತ್ತು. ನೀನು ಏಪ್ರಿಲ್‌ನಲ್ಲಿ ನನ್ನ ಮೇಲೆ ಹೊರಿಸಿದ್ದನ್ನು ನಾನು ಎಷ್ಟು ಆಸೆಯಿಂದ ಹೊತ್ತುಕೊಂಡಿದ್ದೆ ಎಂದು ಆ ಕುರ್ಚಿಯಲ್ಲಿ ಕುಳಿತಾಗ ಗೊತ್ತಾಯಿತು. ಅವರು ಅದನ್ನು ಇಳಿಸಿಬಿಟ್ಟರು. ಈಗ ಹಿಡಿದುಕೊಳ್ಳಲು ಏನೂ ಇಲ್ಲ.

ಇದು ನೀರು, ಇದು ಬಿಸಿ, ಇದು ನಿನ್ನ ಅಂಗಿ. ಒಂದೂ ಅವಳಿಗೆ ತಲುಪಿಲ್ಲ. ಇವರು ಮೂಟೆಗಳ ಮೇಲೆ ಮಲಗಿದ್ದು, ಕೈ ಸುಟ್ಟುಕೊಂಡಿದ್ದು ಎಲ್ಲ ವ್ಯರ್ಥ. ವರದಿ ಬಂದ ದಿನ ಇವರು ಮನೆಗೆ ಬಂದು ಹೇಳಿದ್ದು ಇಷ್ಟು: "ನಾನು ಇಲ್ಲೇ ಮಲಗಬಹುದಿತ್ತು." ಹೇಳಿ ಮಂಚದ ಮೇಲೆ ಕುಳಿತರು, ಮಲಗಲಿಲ್ಲ.

ನಿನ್ನದೇನೂ ತಪ್ಪಿಲ್ಲ ಎಂದು ಬರೆಯಲು ಎಷ್ಟೋ ಸಲ ಕುಳಿತೆ. ಅದಕ್ಕೇ ಇಷ್ಟು ದಿನವಾಯಿತು. ಆ ವಾಕ್ಯ ಬರಲಿಲ್ಲ. ಒಮ್ಮೆ ಆ ತಿಂಗಳುಗಳನ್ನು ನೀನು ತಿಂದೆ ಅನ್ನಿಸುತ್ತದೆ, ಒಮ್ಮೆ ನರ್ಸ್ ಹೇಳಿದ್ದನ್ನು ನಾನು ಮುಚ್ಚಿಟ್ಟು ತಿಂದೆ ಅನ್ನಿಸುತ್ತದೆ. ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರ್ ಒಂದೇ ಸಲ ಅಂದರು, ಇನ್ನೊಮ್ಮೆ ಅನ್ನಲಿಲ್ಲ. ಸದ್ಯ ನೀನು ಬರಬೇಡ. ನಿನ್ನ ದನಿ ಕೇಳಿದರೆ ನಾನು ತಡೆಯಲಾರೆ. ಕಾಗದ ಬರೆ.

ಈಗ ಕಿವಿಗೆ ಯಂತ್ರ ಹಾಕಿದ್ದಾರೆ. ಎಷ್ಟು ಕೇಳಿಸುತ್ತದೆಂದು ಇನ್ನೂ ಹೇಳಲಾಗದಂತೆ, ಆಪರೇಷನ್ನಿನ ಮಾತೂ ಇದೆ. ಅವಳು ಯಂತ್ರ ಕಿತ್ತು ಡಬ್ಬಿಗೆ ಹಾಕುತ್ತಾಳೆ, ನಾನು ಹುಡುಕಿ ಹಾಕುತ್ತೇನೆ. ವಾರಕ್ಕೆರಡು ಸಲ ಕೈಭಾಷೆ ಕಲಿಸುವವರ ಬಳಿ ಹೋಗುತ್ತೇವೆ. ಆಕೆಗೂ ಕಿವಿ ಕೇಳುವುದಿಲ್ಲ. ಮೊದಲ ದಿನ ಆಕೆ ಹಲಗೆಯ ಮೇಲೆ ಬರೆದು ಕೇಳಿದ್ದು, ಇವಳ ಹೆಸರೇನು ಎಂದು. ನಾನು ಬರೆದೆ. ಆಕೆ ಅದನ್ನು ಒರೆಸಿ, "ಇದು ನಿಮಗೆ. ಅವಳಿಗೆ ಯಾವುದು?" ಎಂದು ಬರೆದರು. ಆಗ ನನಗೆ ಹೊಳೆಯಿತು. ಎರಡು ವರ್ಷ ನಾವು ಕರೆದದ್ದೆಲ್ಲ ನಮ್ಮೊಳಗೇ ಉಳಿದಿತ್ತು. ತನಗೊಂದು ಹೆಸರಿದೆ ಎಂಬುದೇ ಆ ಮಗುವಿಗೆ ಗೊತ್ತಿರಲಿಲ್ಲ.

ನಕ್ಕಾಗ ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ನೀನು ನೋಡಿಲ್ಲ. ಆ ಜಾಗಕ್ಕೆ ತೋರುಬೆರಳು ಒತ್ತಿ ಒಮ್ಮೆ ತಿರುಗಿಸುವುದು ಅವಳ ಹೆಸರು ಎಂದು ಇವರು ಆರಿಸಿದರು. ನಿನ್ನೆ ಸಂಜೆ ಮೂವರೂ ನೆಲದ ಮೇಲೆ ಕುಳಿತಿದ್ದೆವು. ಇವರು ಅವಳ ಕಣ್ಣಲ್ಲಿ ಕಣ್ಣಿಟ್ಟು ಅವಳ ಕಡೆ ಕೈ ತೋರಿಸಿ ತಮ್ಮ ಕೆನ್ನೆಯ ಮೇಲೆ ಬೆರಳು ತಿರುಗಿಸಿದರು. ನಾನೂ ಹಾಗೇ ಮಾಡಿದೆ. ಅವಳು ಇವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ, ನಾವು ಕರೆಯುತ್ತಿರುವುದು ಯಾರನ್ನು ಎಂದು ನೋಡಲು ಹಿಂದೆ ತಿರುಗಿದಳು.

ತಂಗಿ